ರಿವಾಲ್ವರಿನ ಪಕ್ಷ
ಆತ್ಮರಕ್ಷಣಾರ್ಥವಾಗಿ ಸರಕಾರದ ಪರವಾನಗಿ ಪಡೆದ ಭಾರತೀಯ ನಾಗರಿಕನು, ತನಗೆ ನಿಷಿದ್ಧವಲ್ಲದ .32 ವ್ಯಾಸದ ಆಯುಧಗಳೊಳಗೆ ರಿವಾಲ್ವರನ್ನು ಆರಿಸಬೇಕೋ, ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ತಾನೇ ಸೇರಿಸಿಕೊಳ್ಳುವ ಅರೆ-ಸ್ವಯಂಚಾಲಿತ ಪಿಸ್ತೂಲನ್ನೋ ಎಂದು ಕೇಳಿದಲ್ಲಿ, ನಾನು ನಿಸ್ಸಂಶಯವಾಗಿ ರಿವಾಲ್ವರಿನ ಪಕ್ಷವನ್ನೇ ವಹಿಸುವೆನು.

1986ರ ಏಪ್ರಿಲಿನಲ್ಲಿ ಮಯಾಮಿಯಲ್ಲಿ ದರೋಡೆಕೋರರೀರ್ವರೊಡನೆ ಹೋರಾಡಿ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಅಮೆರಿಕದ ಎಫ್‌ಬಿಐ, ತರುವಾಯ ಹೆಚ್ಚು ಗುಂಡು ಹಿಡಿಯುವ ಪಿಸ್ತೂಲಿಗೆ ತಿರುಗಿದುದು ದಿಟ. ಆದರೆ ನಿಯತವಾಗಿ ಅಭ್ಯಾಸಮಾಡುವ ಆರಕ್ಷಕನ ಅಗತ್ಯವು ಬೇರೆ, ಆಯುಧವನ್ನು ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಗೃಹಸ್ಥನ ಅಗತ್ಯವು ಬೇರೆ. ತೋಟಾ ಸಿಡಿಯದೆಹೋದಲ್ಲಿ, ರಿವಾಲ್ವರಿನ ಟ್ರಿಗರನ್ನು ಮತ್ತೊಮ್ಮೆ ಎಳೆದ ಮಾತ್ರಕ್ಕೆ ಉರುಳೆಯು ತಿರುಗಿ ಬೇರೊಂದು ತೋಟಾ ಎದುರು ನಿಲ್ಲುವುದು. ಪಿಸ್ತೂಲಿನಲ್ಲಾದರೋ, ಭಯಕಂಪಿತವಾದ ಕೈಗಳಿಂದಲೇ ಮೇಲಣ ಸ್ಲೈಡನ್ನು ಹಿಂದಕ್ಕೆಳೆದು ಕೆಟ್ಟುದನ್ನು ಹೊರಹಾಕಬೇಕು. ತೋಟಾಗಳನ್ನು ತುಂಬಿಡುವ ಮ್ಯಾಗಜೀನನ್ನು ತೆಗೆದ ಬಳಿಕವೂ ನಳಿಕೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಇದನ್ನು ಮರೆತುದರಿಂದ ಮನೆಯವರ ಪ್ರಾಣವೇ ಹೋಗಿರುವುದುಂಟು.

ಕಾನ್ಪುರದ ಸರಕಾರಿ ಕಾರ್ಖಾನೆಯು 2014ರಲ್ಲಿ ಸ್ತ್ರೀಯರಿಗೆಂದು ಹೊರತಂದ, ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ರಿವಾಲ್ವರೇ ಆಗಿದ್ದುದು ಸಮಂಜಸವಾಗಿಯೇ ಇದೆ. ಆದರೆ ಅದರ ಬೆಲೆಯನ್ನು ಲಕ್ಷ ರೂಪಾಯಿಗೂ ಮಿಗಿಲಾಗಿ ನಿಗದಿಪಡಿಸಿದುದು, ರಾತ್ರಿಯ ಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ನಡೆಯುವ ಶ್ರಮಜೀವಿ ಸ್ತ್ರೀಯರಿಗೆ ಎಸಗಿದ ಅನ್ಯಾಯವೇ ಸರಿ.