ಕಣ್ಣಿಗೆ ಕಾಣದ ವಿಷಕ್ಕೊಂದು ತಕ್ಕಡಿ

ಕೆಲವು ದಿನಗಳ ಹಿಂದೆ ಕಾಪು ತಾಲೂಕಿನ ಕಟಪಾಡಿ ಪೇಟೆಯಲ್ಲಿ ತರಕಾರಿ ಕೊಳ್ಳಲೆಂದು ನಿಂತಿದ್ದೆ. ವೃದ್ಧೆಯೊಬ್ಬರು ಬುಟ್ಟಿಯ ತುಂಬ ಮಟ್ಟು ಗುಳ್ಳವನ್ನಿಟ್ಟುಕೊಂಡು ಕುಳಿತಿದ್ದರು. ನನಗಿಂತ ಮುಂದಿದ್ದ ಗೃಹಸ್ಥರು, “ಅಮ್ಮಾ, ಇದಕ್ಕೆ ಮದ್ದು ಬಿಟ್ಟದ್ದುಂಟೋ?” ಎಂದು ಕೇಳಿದರು. “ಇಲ್ಲ ಮಾರಾಯ್ರೆ, ನಾವೂ ಇದನ್ನೇ ತಿನ್ನುವುದಲ್ಲವೋ?” ಎಂದು ಆಕೆ ಉತ್ತರವಿತ್ತರು. ಗೃಹಸ್ಥರು ಗುಳ್ಳವೊಂದನ್ನು ಎತ್ತಿ ನೋಡಿದರು, ಮೂಸಿದರು, ಮತ್ತೆ ಬುಟ್ಟಿಯಲ್ಲಿಟ್ಟು ಹೊರಟುಹೋದರು.

ಆಕೆಯ ಮಾತು ನಿಜವೇ ಇದ್ದಿರಬಹುದು. ಆದರೆ ಅದನ್ನು ಸಾಧಿಸಿ ತೋರಿಸುವ ಬಗೆ ಆಕೆಯಲ್ಲಿರಲಿಲ್ಲ. ಪರೀಕ್ಷಿಸಿ ತಿಳಿಯುವ ಬಗೆ ಗೃಹಸ್ಥರಲ್ಲಿಯೂ ಇರಲಿಲ್ಲ. ಒಬ್ಬರಿಗೆ ವ್ಯಾಪಾರ ನಷ್ಟ, ಇನ್ನೊಬ್ಬರಿಗೆ ಊಟ ನಷ್ಟ. ವಾದಿರಾಜರು ಬೀಜ ಕೊಟ್ಟರೆಂದು ಊರವರು ನಂಬಿಕೊಂಡು ಬಂದ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದ ತರಕಾರಿಯ ಪಾಡೇ ಇದಾದರೆ ಹೆಸರಿಲ್ಲದ ಬೆಂಡೆ, ಅಲಸಂಡೆಗಳ ಪಾಡೇನು? ಆಹಾರದಲ್ಲಿ ವಿಷವುಂಟೋ ಇಲ್ಲವೋ ಎಂದು ನಾವು ನಿತ್ಯವೂ ವಾದಿಸುತ್ತೇವೆ. ಎಷ್ಟಿದೆ ಎಂದು ಅಳೆದು ನೋಡುವವರು ಮಾತ್ರ ವಿರಳ. ಅಳೆಯುವ ಸಾಧನ ಜನರ ಕೈಗೆಟುಕುವಂತಿರಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಪ್ರಮಾಣದ ಮಾತು. ಪ್ರತ್ಯೇಕ ಮಿತಿಯನ್ನು ಗೊತ್ತುಪಡಿಸಿರದ ಕೀಟನಾಶಕಗಳಿಗೆ ನಮ್ಮ ದೇಶದ ಆಹಾರ ನಿಯಮಗಳು ಸಾಮಾನ್ಯವಾಗಿ ಅನ್ವಯಿಸುವ ಮಿತಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಂ. ಹತ್ತು ಟನ್ ಹೇರಿದ ಹತ್ತು ಲಾರಿಗಳಷ್ಟು ಅಕ್ಕಿ ಕಾರ್ಕಳದಿಂದ ಹೊರಟಿದೆಯೆಂದು ಭಾವಿಸಿರಿ. ಅಷ್ಟೂ ಅಕ್ಕಿಯಲ್ಲಿ ಒಂದೇ ಒಂದು ಗ್ರಾಂ ಕೀಟನಾಶಕ ಸಮವಾಗಿ ಬೆರೆತಿದ್ದರೆ ಅದೇ ಈ ಮಿತಿ. ಇಷ್ಟು ಅಲ್ಪವಾದುದನ್ನು ಮೂಸಿ, ರುಚಿ ನೋಡಿ ಕಂಡುಹಿಡಿಯುತ್ತೇವೆ ಎನ್ನುವುದು ಭ್ರಮೆ.

ಇದನ್ನು ಕಂಡುಹಿಡಿಯುವ ಯಂತ್ರ ಎರಡು ಯಂತ್ರಗಳ ಜೋಡಿ. ಮೊದಲನೆಯದು ಗ್ಯಾಸ್ ಕ್ರೊಮಟಾಗ್ರಫಿ, ಅಂದರೆ ಬೆರಕೆಯನ್ನು ಅನಿಲರೂಪದಲ್ಲಿ ಬೇರ್ಪಡಿಸುವ ಕ್ರಮ. ಜೇಮ್ಸ್ ಮತ್ತು ಮಾರ್ಟಿನ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಇದನ್ನು 1952ರಲ್ಲಿ ಪ್ರಕಟಿಸಿದರು. ತರಕಾರಿಯನ್ನು ನುಣ್ಣಗೆ ಅರೆದು, ತಕ್ಕ ದ್ರಾವಕದಿಂದ ಅದರ ಸಾರವನ್ನು ತೆಗೆದು ಶುದ್ಧಗೊಳಿಸಿ, ಒಂದು ಹನಿಗಿಂತಲೂ ಕಡಿಮೆ ಪ್ರಮಾಣವನ್ನು ಯಂತ್ರಕ್ಕೆ ಕೊಡುತ್ತಾರೆ. ಅದು ಆವಿಯಾಗಿ, ಹೀಲಿಯಂ ಅನಿಲದೊಡನೆ ಸುಮಾರು 30 ಮೀಟರ್ ಉದ್ದದ, ಕಾಲು ಮಿಲಿಮೀಟರ್ ಒಳವ್ಯಾಸದ ಸುರುಳಿನಳಿಗೆಯೊಳಗೆ ಸಾಗುತ್ತದೆ. ನಳಿಗೆಯ ಒಳಮೈಗೆ ತೆಳುವಾದ ಲೇಪವಿದೆ. ಉಡುಪಿಯ ರಥಬೀದಿಯಲ್ಲಿ ಉತ್ಸವದ ದಿನ ಹತ್ತು ಮಂದಿ ಒಟ್ಟಿಗೆ ಸುತ್ತು ಹೊರಟರೆಂದು ಎಣಿಸಿರಿ. ಅಂಗಡಿ ಅಂಗಡಿಗೆ ನಿಲ್ಲುವವನು ಕೊನೆಗೆ ಬರುತ್ತಾನೆ. ಎಲ್ಲಿಯೂ ನಿಲ್ಲದವನು ಮೊದಲು ಮುಗಿಸುತ್ತಾನೆ. ಹಾಗೆಯೇ ಲೇಪದೊಡನೆ ಹೆಚ್ಚು ನಂಟುಳ್ಳ ಅಣುಗಳು ತಡವಾಗಿಯೂ ಕಡಿಮೆ ನಂಟುಳ್ಳವು ಬೇಗನೆಯೂ ಹೊರಬೀಳುತ್ತವೆ.

ಆದರೆ ಒಂದೇ ಹೊತ್ತಿಗೆ ಹೊರಬಂದವರೆಲ್ಲ ಒಬ್ಬನೇ ಮನುಷ್ಯನಲ್ಲವಷ್ಟೆ. ಬಂದವರಾರು ಎಂದು ಗುರುತಿಸಲು ಎರಡನೆಯ ಯಂತ್ರ ಬೇಕು. ಅದೇ ಮಾಸ್ ಸ್ಪೆಕ್ಟ್ರೊಮೀಟರು, ಅಣುಗಳ ತಕ್ಕಡಿ. ನಿರ್ವಾತದಲ್ಲಿ ವೇಗದ ಎಲೆಕ್ಟ್ರಾನುಗಳು ಅಣುವಿಗೆ ಬಡಿದು ಅದನ್ನು ವಿದ್ಯುದಾವೇಶವುಳ್ಳ ಚೂರುಗಳಾಗಿ ಒಡೆಯುತ್ತವೆ. ವಿದ್ಯುತ್ ಕ್ಷೇತ್ರವೋ ಕಾಂತಕ್ಷೇತ್ರವೋ ಆ ಚೂರುಗಳನ್ನು ಅವುಗಳ ತೂಕ ಮತ್ತು ಆವೇಶಗಳ ಅನುಪಾತಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಚಲಿಸುವ ಆವೇಶದ ಮೇಲೆ ಕಾಂತಕ್ಷೇತ್ರದ ಬಲವೆಷ್ಟು ಎಂದು ಪಿಯುಸಿ ತರಗತಿಯಲ್ಲಿ ನೀವು ಬಿಡಿಸುವ ಲೆಕ್ಕ ಇಲ್ಲಿ ಅನ್ನ ಕಾಯುವ ಕೆಲಸಕ್ಕೆ ಬಂದಿದೆ! ಈ ಎರಡು ಯಂತ್ರಗಳನ್ನು 1950ರ ದಶಕದ ನಡುವಿನಲ್ಲಿ ಅಮೆರಿಕದ ಗೋಲ್ಕೆ ಮತ್ತು ಮೆಕ್‌ಲ್ಯಾಫರ್ಟಿ ಎಂಬವರು ಜೋಡಿಸಿದರು.

“ಕ್ಲೋರಿನ್ನಿನ ಪರಮಾಣುತೂಕ 35.5 ಎಂದರೆ ಅರ್ಧ ಪ್ರೋಟಾನು ಇರುತ್ತದೆಯೇ ಸಾರ್?” ಎಂದು ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ್ದ. ಇಲ್ಲ; ನಾಲ್ಕರಲ್ಲಿ ಸುಮಾರು ಮೂರು ಕ್ಲೋರಿನ್ ಪರಮಾಣುಗಳ ತೂಕ 35, ಒಂದರದು 37; ಸರಾಸರಿ 35.5. ಇದನ್ನು ಬಯಲಿಗೆಳೆದ ಆಸ್ಟನ್ನನ ಉಪಕರಣವೇ 1919ರ ಮಾಸ್ ಸ್ಪೆಕ್ಟ್ರೊಗ್ರಾಫು. 1922ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಒಂದೊಂದು ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಆದಕಾರಣ ಅದರ ರೇಖೆಗಳು ಎರಡೆರಡು ಮಾನಗಳ ಅಂತರದಲ್ಲಿ, ನಿಯತ ಎತ್ತರಗಳಲ್ಲಿ ಸಾಲುಗಟ್ಟುತ್ತವೆ. ಹೊರಬಂದ ಹೊತ್ತು, ಚೂರುಗಳ ತೂಕ, ರೇಖೆಗಳ ಪ್ರಮಾಣ, ಈ ಮೂರೂ ಒಪ್ಪಿದರೆ ಗುರುತು ತಪ್ಪುವುದು ಬಹು ಅಪರೂಪ.

ಎಂಡೋಸಲ್ಫಾನಿನ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ನಮ್ಮ ಉಡುಪಿಯಿಂದ ತೆಂಕಣಕ್ಕೆ ಮಂಗಳೂರನ್ನು ದಾಟಿ ಹೋದರೆ ಕೇರಳದ ಕಾಸರಗೋಡು ಜಿಲ್ಲೆ. ಅಲ್ಲಿ ಕನ್ನಡ ಮಾತನಾಡುವ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮವಿದೆ. ಸುತ್ತಲಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. 2000ದ ಕೊನೆಯವರೆಗೂ ಅದು ನಡೆಯಿತು. ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀ ಪಡ್ರೆಯವರೂ ಏನೋ ಕೆಟ್ಟಿದೆಯೆಂದು ಬರೆದು ಎಚ್ಚರಿಸುತ್ತಲೇ ಬಂದರು. ಆದರೆ ಅವರ ಕೈಯಲ್ಲಿ ಅಂಕಿಯಿರಲಿಲ್ಲ. ಅಂಕಿಯಿಲ್ಲದ ಅಳಲನ್ನು ಗಾಳಿಸುದ್ದಿಯೆಂದು ತಳ್ಳಿಹಾಕುವುದು ಸುಲಭ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ತರಕಾರಿ, ಹಾಲು, ರಕ್ತ ಮುಂತಾದವನ್ನು ಪರೀಕ್ಷಿಸಿ, ಎಂಡೋಸಲ್ಫಾನ್ ಬಹಳವಾಗಿ ಇದೆಯೆಂದು ಪ್ರಕಟಿಸಿತು. ತೋಟದ ಒಡೆತನದ ನಿಗಮ ಬೇರೊಂದು ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ಇದನ್ನು ಸಮರ್ಥಿಸಲಿಲ್ಲ. ಯಾರನ್ನು ನಂಬುವುದು? ಆಗ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಧ್ಯಯನ ನಡೆಸಿದರು. ಸಿಂಪಡಣೆಯ ಪ್ರದೇಶದ 117 ಬಾಲಕರನ್ನೂ ಹೋಲಿಕೆಗಾಗಿ ಬೇರೆಡೆಯ 90 ಬಾಲಕರನ್ನೂ ಪರೀಕ್ಷಿಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ರಕ್ತದ್ರವದಲ್ಲಿ ಎಂಡೋಸಲ್ಫಾನಿನ ಸರಾಸರಿ ಮೊದಲನೆಯ ಗುಂಪಿನಲ್ಲಿ ನೂರು ಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37 ಭಾಗ. ಬಾಲಕರ ಪ್ರೌಢತೆಯೂ ಇದರಿಂದ ತಡವಾಗುತ್ತಿರಬಹುದೆಂದು ಅವರು ಸೂಚಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ವರ್ಜ್ಯ ವಸ್ತುಗಳ ಪಟ್ಟಿಗೆ ಸೇರಿಸಿದುವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದನ್ನು ತಡೆಯಿತು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೂ ಎಂಡೋಸಲ್ಫಾನ್ ಸಂತ್ರಸ್ತರೆಂದು ಸರಕಾರವೇ ಗುರುತಿಸಿದ ಕುಟುಂಬಗಳಿವೆ.

ಈ ಚರಿತ್ರೆಯಿಂದ ಎರಡು ಪಾಠಗಳನ್ನು ಕಲಿಯಬೇಕು. ಅಳತೆ ಇಪ್ಪತ್ತು ವರ್ಷ ತಡವಾಗಿ ಬಂದರೆ ಅದರ ಬೆಲೆಯನ್ನು ತೆರುವವರು ಮಕ್ಕಳು. ಒಂದೇ ಒಂದು ಪರೀಕ್ಷೆಯೂ ಸಾಲದು. ಒಬ್ಬರ ಅಂಕಿಯನ್ನು ಮತ್ತೊಬ್ಬರು ಸ್ವತಂತ್ರವಾಗಿ ಅಳೆದು ನೋಡುವಂತಿರಬೇಕು.

ಹಾಗೆಂದು ಯಂತ್ರವನ್ನು ಬ್ರಹ್ಮಾಸ್ತ್ರವೆಂದು ಭಾವಿಸಲಾಗದು. ಆವಿಯಾಗದ ವಸ್ತು ಇದರ ನಳಿಗೆಯೊಳಗೆ ಹೋಗಲಾರದು. ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳಿಗೆ, ಶೇಂಗಾದ ಬೂಷ್ಟಿನ ವಿಷಕ್ಕೆ, ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೆ ಬೇರೆ ಬೇರೆ ವಿಧಾನಗಳಿವೆ. ಇಷ್ಟಿದೆ ಎಂದು ಯಂತ್ರ ಹೇಳೀತು. ಇಂಥವರ ರೋಗಕ್ಕೆ ಇದೇ ಕಾರಣವೆಂದು ಅದು ಹೇಳದು. ಅತ್ಯಲ್ಪ ಪ್ರಮಾಣವೂ ಅದರ ಕಣ್ಣಿಗೆ ಬೀಳುವುದರಿಂದ, ‘ಕಂಡುಬಂದಿದೆ’ ಎಂಬ ಒಂದೇ ಮಾತಿಗೆ ಬೆಚ್ಚಿ ಊಟ ಬಿಡುವುದೂ ವಿವೇಕವಲ್ಲ. ಮಿತಿಯೆಷ್ಟು, ಸಿಕ್ಕಿದ್ದೆಷ್ಟು ಎಂಬುದನ್ನು ಕೇಳಿಯೇ ಮುಂದುವರಿಯಬೇಕು.

ಇಂತಹ ಯಂತ್ರಕ್ಕೆ ಹಣ ಬಹಳ ಬೇಕು, ಹೀಲಿಯಂ ಹೊರದೇಶದಿಂದ ಬರಬೇಕು, ನುರಿತ ಕೈಗಳು ಬೇಕು ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ಸುಳ್ಳಲ್ಲ. ಆದರೆ ಹೊರದೇಶಕ್ಕೆ ಹೋಗುವ ನಮ್ಮ ಮೆಣಸು, ಮೀನುಗಳಿಗೆ ಇಂತಹ ಪರೀಕ್ಷೆಗಳನ್ನು ಮಾಡಿಸುತ್ತೇವೆ. ಅಲ್ಲಿನವರು ಕೇಳುತ್ತಾರೆ, ಅದಕ್ಕಾಗಿ ಮಾಡುತ್ತೇವೆ. ನಮ್ಮವರು ಕೇಳುವುದಿಲ್ಲ, ಆದುದರಿಂದ ನಮ್ಮ ಊಟಕ್ಕೆ ಅದು ದುಬಾರಿಯಾಗಿ ಕಾಣುತ್ತದೆ. 1953ರಲ್ಲಿ ವೈದ್ಯಕೀಯ ಕಾಲೇಜನ್ನು ಕಂಡ ಮಣಿಪಾಲದಂತಹ ವಿದ್ಯಾಕೇಂದ್ರಗಳು ಕರಾವಳಿಯಲ್ಲಿವೆ. ಇವು ವಾರದಲ್ಲಿ ಒಂದು ದಿನ ತಮ್ಮ ಪ್ರಯೋಗಶಾಲೆಗಳ ಬಾಗಿಲನ್ನು ಊರಿನ ಕೃಷಿಕರಿಗೂ ಗ್ರಾಹಕರಿಗೂ ತೆರೆಯಲಿ. ಕಾನೂನಿನ ಸಾಕ್ಷ್ಯಕ್ಕೆ ಸರಕಾರ ಮಾನ್ಯ ಮಾಡಿದ ಪ್ರಯೋಗಶಾಲೆಯ ವರದಿಯೇ ಬೇಕು, ನಿಜ. ಮೊದಲ ಶೋಧನೆಗೆ ಇದು ಸಾಕು. ಫಲಿತಾಂಶವನ್ನು ಪ್ರತಿ ತಿಂಗಳೂ ಪಂಚಾಯತಿನ ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ಹಚ್ಚಲಿ. ಮಿತಿಗಿಂತ ಕಡಿಮೆಯಿದ್ದ ಗುಳ್ಳಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇ?

ಇನ್ನೊಂದು ಸಂಗತಿಯನ್ನು ಬಹಳ ಮಂದಿ ತಿಳಿದಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ವಿಧಿಯಂತೆ, ಅಂಗಡಿಯವನಿಗೆ ಮೊದಲೇ ತಿಳಿಸಿ, ಕೊಂಡ ಪದಾರ್ಥವನ್ನು ನಿಗದಿಯಾದ ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಉಂಟು. ದೋಷ ಕಂಡುಬಂದರೆ ಶುಲ್ಕವನ್ನು ಮರಳಿ ಪಡೆಯಬಹುದು. ಹಕ್ಕು ಪುಸ್ತಕದಲ್ಲಿದೆ, ಅದನ್ನು ಬಳಸುವವರು ಬೇಕಾಗಿದ್ದಾರೆ.

ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ನಿಮ್ಮ ಮನೆಯಲ್ಲಿ “ಈಗ ಎಲ್ಲವೂ ವಿಷವೇ” ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾಗ, ಅಥವಾ “ಏನೂ ಆಗುವುದಿಲ್ಲ ಬಿಡಿ” ಎಂದು ಕೈ ಬೀಸಿದಾಗ, ಎಷ್ಟು, ಅಳೆದವರು ಯಾರು, ಮತ್ತೊಬ್ಬರು ಅಳೆದು ಒಪ್ಪಿದ್ದಾರೆಯೇ ಎಂದು ವಿನಯದಿಂದ ಕೇಳಿರಿ. ಉತ್ತರ ಸಿಗದಿದ್ದರೆ ಅದನ್ನು ಹುಡುಕುವ ವಿದ್ಯೆಯನ್ನು ಕಲಿಯಿರಿ. ಕಟಪಾಡಿಯ ಆ ವೃದ್ಧೆಗೂ ಗೃಹಸ್ಥರಿಗೂ ನಾವು ಕೊಡಬೇಕಾದ ಬಾಕಿ ಅದೇ.