ಹವಳದ ತೊಟ್ಟಿಯ ದೀಪ ಮತ್ತು ವರ್ತಕರ ಹೊಣೆ

ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳಿಗೆ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಮನ್ನಣೆ ದೊರೆತ ಮೇಲೆ, ಅಲ್ಲಿನ ಹೋಟೆಲು ಹಾಗೂ ವಸತಿಗೃಹಗಳು ಅಂದಚಂದದ ಕಡೆಗೆ ಹೆಚ್ಚಿನ ಗಮನ ಕೊಡುವುದು ಸಹಜ. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಅರಸೀಕೆರೆಯ ಹೊಸ ಮನೆಗಳ ಮಾತೂ ಅಷ್ಟೇ. ಸಿಹಿನೀರಿನ ಮೀನುಗಳಿಂದ ತೃಪ್ತರಾಗದೆ ಬಣ್ಣದ ಹವಳಗಳುಳ್ಳ ಕಡಲನೀರಿನ ತೊಟ್ಟಿಯನ್ನು ಬಯಸುವ ಗ್ರಾಹಕರು ಅಂಗಡಿಗೆ ಬಂದು ಕೇಳುವುದು, ‘ಎಷ್ಟು ವ್ಯಾಟಿನ ದೀಪ ಬೇಕು?’ ಎಂದು. ಆಗ ವರ್ತಕರು ದರ ಹೇಳುವುದಕ್ಕೆ ಮೊದಲು, ‘ತೊಟ್ಟಿಯಲ್ಲಿ ಏನು ಸಾಕುತ್ತೀರಿ?’ ಎಂದು ಕೇಳುವುದು ಯೋಗ್ಯ. ಗ್ರಾಹಕರ ಹಣ ಮತ್ತು ಅಂಗಡಿಯ ಹೆಸರು ಎರಡೂ ಆ ಉತ್ತರವನ್ನು ಅವಲಂಬಿಸಿವೆ.

ಹವಳವು ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿರುತ್ತವೆ. ಅವು ಬೆಳಕಿನಿಂದ ತಯಾರಿಸುವ ಆಹಾರವೇ ಹವಳದ ಮುಖ್ಯ ಆಧಾರ. ಕಡಲನೀರು ಕೆಂಪು ಬೆಳಕನ್ನು ಮೇಲ್ಪದರದಲ್ಲಿಯೇ ಹೀರಿಕೊಂಡು ನೀಲಿಯನ್ನು ಆಳಕ್ಕೆ ಬಿಡುವುದರಿಂದ ಈ ಜೀವಿಗಳು ನೀಲಿ ಬೆಳಕಿಗೆ ಹೊಂದಿಕೊಂಡಿವೆ. 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ತಂದುಕೊಟ್ಟ ನೀಲಿ ಎಲ್‌ಇಡಿಯು ಈ ಹವ್ಯಾಸಕ್ಕೂ ವರವಾಯಿತು.

ವ್ಯಾಟ್ ಎಂಬುದು ದೀಪ ಬಳಸುವ ವಿದ್ಯುತ್ತಿನ ಲೆಕ್ಕ. ಲೂಮೆನ್ ಎಂಬುದು ಮನುಷ್ಯನ ಕಣ್ಣಿನ ಲೆಕ್ಕ. ಪಾಚಿಗೆ ಒದಗುವ ಬೆಳಕನ್ನು ಅಳೆಯುವ ಮಾನಕ್ಕೆ ‘ಪಾರ್’ ಎನ್ನುತ್ತಾರೆ. ಮೃದು ಹವಳಗಳಿಗೆ ಸಾಮಾನ್ಯವಾಗಿ 50ರಿಂದ 150ರಷ್ಟು ಪಾರ್ ಸಾಕಾದರೆ, ಕವಲೊಡೆಯುವ ಗಡಸು ಹವಳಗಳಿಗೆ 200ರಿಂದ 350 ಬೇಕು. ತೊಟ್ಟಿ ಆಳವಾದಷ್ಟೂ ತಳಕ್ಕೆ ಮುಟ್ಟುವ ಬೆಳಕು ಕಡಿಮೆ. ಹಾಗೆಂದು ಮೊದಲ ದಿನವೇ ಪೂರ್ಣ ಪ್ರಖರತೆ ಕೊಟ್ಟರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಹಂತಹಂತವಾಗಿ ಏರಿಸಿ, ಟೈಮರ್ ಮೂಲಕ ದಿನಕ್ಕೆ 8ರಿಂದ 10 ಗಂಟೆ ಬೆಳಗಿಸುವುದು ವಾಡಿಕೆ.

ಖರ್ಚಿನ ಲೆಕ್ಕವೂ ಮುಖ್ಯ. 250 ವ್ಯಾಟಿನ ಮೆಟಲ್ ಹಾಲೈಡ್ ದೀಪ ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. 100 ವ್ಯಾಟಿನ ಎಲ್‌ಇಡಿಗೆ 24 ಯೂನಿಟ್. ಹಾಲೈಡ್ ದೀಪದ ಬಿಸಿ ನೀರಿಗೂ ತಗಲುವುದರಿಂದ, ಬಯಲುಸೀಮೆಯ ಬೇಸಿಗೆಯಲ್ಲಿ ನೀರನ್ನು 24ರಿಂದ 27 ಡಿಗ್ರಿಯಲ್ಲಿಡಲು ಚಿಲ್ಲರ್ ವೆಚ್ಚವೂ ಬೆಳೆಯುತ್ತದೆ. ಕರೆಂಟು ಹೋದಾಗ ದೀಪವಿಲ್ಲದೆ ಹವಳ ಒಂದೆರಡು ದಿನ ತಾಳಬಲ್ಲದು. ಆದರೆ ನೀರಿನ ಚಲನೆ ಮತ್ತು ಆಮ್ಲಜನಕವಿಲ್ಲದೆ ತೊಟ್ಟಿಯ ಜೀವಿಗಳು ಬಹಳ ಹೊತ್ತು ಬದುಕಲಾರವು. ಆದ್ದರಿಂದ ಇನ್ವರ್ಟರಿಗೆ ದೀಪಕ್ಕಿಂತ ಮೊದಲು ಪಂಪನ್ನು ಜೋಡಿಸುವಂತೆ ಗ್ರಾಹಕರಿಗೆ ತಿಳಿಹೇಳಬೇಕು. ಉಪ್ಪುನೀರಿನ ಬಳಿ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಇಲ್ಲದ ಜೋಡಣೆ ಪ್ರಾಣಾಪಾಯಕ್ಕೆ ದಾರಿ.

ಇವೆಲ್ಲಕ್ಕೂ ಮಿಗಿಲಾದದ್ದು ಕಾನೂನು. ದಿಬ್ಬ ಕಟ್ಟುವ ಹವಳ, ಕರಿ ಹವಳ, ಬೆಂಕಿ ಹವಳ ಮುಂತಾದವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿ, ಆನೆಗಳಿರುವ ಪಟ್ಟಿಯೇ ಅದು. ಮುರುಡೇಶ್ವರದ ಬಳಿಯ ನೇತ್ರಾಣಿಯ ಹವಳವಾಗಲಿ, ಲಕ್ಷದ್ವೀಪದ್ದಾಗಲಿ, ಕಿತ್ತು ತಂದು ಮಾರಿದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸವುಂಟು. ದಿಬ್ಬ ಕಟ್ಟುವ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರವೂ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಹೀಗಿರುವಾಗ ದಾಖಲೆಯಿಲ್ಲದ ಹವಳಕ್ಕೆಂದು ಸಾವಿರಾರು ರೂಪಾಯಿಯ ದೀಪ ಕೊಂಡ ಗ್ರಾಹಕರು ನಾಳೆ ತೊಂದರೆಗೆ ಸಿಕ್ಕಿದರೆ, ಎಚ್ಚರಿಸದ ಅಂಗಡಿಯ ಮೇಲೆ ಅವರ ವಿಶ್ವಾಸ ಉಳಿಯದು.

ಗ್ರಾಹಕರಿಗೆ ಕಡಲ ಮೀನುಗಳಷ್ಟೇ ಸಾಕೆಂದಾದರೆ ಸಾಧಾರಣ ಎಲ್‌ಇಡಿ ಪಟ್ಟಿ ಧಾರಾಳವಾಯಿತು. ಜಲಸಸ್ಯಗಳ ಸಿಹಿನೀರಿನ ತೊಟ್ಟಿಗೆ ಗಿಡಗಳಿಗೊಪ್ಪುವ ಬಿಳಿ ಬೆಳಕಿನ ದೀಪ ಸಾಕು. ಅದರಲ್ಲಿ ಕಾನೂನಿನ ತೊಡಕೂ ಇಲ್ಲ, ಕಡಲಿನಿಂದ ದೂರವಿರುವ ಊರಿಗೆ ಅದೇ ಹೆಚ್ಚು ಹೊಂದುವಂತಹುದು. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ವರ್ತಕರಿಗೆ ಆ ದಿನದ ಲಾಭ ಕೊಂಚ ತಗ್ಗಬಹುದು. ಆದರೆ ಸಣ್ಣ ಪಟ್ಟಣದಲ್ಲಿ ವ್ಯಾಪಾರ ನಡೆಯುವುದು ಪರಿಚಯದ ಮೇಲೆ. ದುಬಾರಿ ದೀಪದಡಿ ಸತ್ತ ಹವಳದ ಸುದ್ದಿ ಊರೆಲ್ಲ ಹಬ್ಬುವಂತೆಯೇ, ಬೇಡದ ದೀಪವನ್ನು ಬೇಡವೆಂದ ಅಂಗಡಿಯ ಹೆಸರೂ ಹಬ್ಬುತ್ತದೆ. ಯಾವ ಜೀವಿಗೆ ಈ ದೀಪ, ಎಷ್ಟು ಆಳಕ್ಕೆ, ಎಷ್ಟು ವರ್ಷದ ವಾರಂಟಿ ಎಂಬ ಮೂರು ಮಾತುಗಳನ್ನು ಬಿಲ್ಲಿನ ಮೇಲೆಯೇ ಬರೆದುಕೊಡುವ ಪದ್ಧತಿಯನ್ನು ವರ್ತಕ ಬಾಂಧವರು ರೂಢಿಸಿಕೊಳ್ಳುವುದು ಎಲ್ಲರಿಗೂ ಹಿತ.