ಮೇಳ ಗೆಜ್ಜೆ ಬಿಚ್ಚಿದ ಮೇಲೆ

ಕುಂದಾಪುರ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಪತ್ರಿಕೆ ಬಂದರೆ ಹಲವರ ಕಣ್ಣು ಮೊದಲು ಹೋಗುವುದು ಆ ದಿನದ ಯಕ್ಷಗಾನದ ಪಟ್ಟಿಗೆ. ಮಂದಾರ್ತಿಯ ಯಾವ ಮೇಳ ಎಲ್ಲಿ, ಮಾರಣಕಟ್ಟೆಯದು ಯಾರ ಮನೆಯ ಬಯಲಿನಲ್ಲಿ, ಸೌಕೂರು, ಕಮಲಶಿಲೆ, ಹಟ್ಟಿಯಂಗಡಿ ಮೇಳಗಳ ಪ್ರಸಂಗ ಯಾವುದು ಎಂದು ನೋಡಿದ ಮೇಲೆಯೇ ಉಳಿದ ಸುದ್ದಿ. ಮಂದಾರ್ತಿಯ ಹರಕೆ ಆಟಕ್ಕೆ ಹೆಸರು ಬರೆಸಿದವರು ಸರದಿಗಾಗಿ ಹತ್ತಾರು ವರ್ಷ ಕಾಯುವುದುಂಟು. ಅಪ್ಪ ಬರೆಸಿದ ಆಟವನ್ನು ಮಗ ಆಡಿಸುತ್ತಾನೆ. ಮುಂದೆ ಆಗಬೇಕಾದ ಕಾರ್ಯಕ್ರಮವನ್ನು ಇಷ್ಟು ನಿಷ್ಠೆಯಿಂದ ನೆನಪಿಟ್ಟುಕೊಳ್ಳುವ ಸೀಮೆಯಲ್ಲಿ, ತಮ್ಮೂರಿನ ಪಂಚಾಯತ್ ಗ್ರಂಥಾಲಯದಲ್ಲಿ ಬರುವ ಶನಿವಾರ ಏನಿದೆ ಎಂದು ಯಾರನ್ನಾದರೂ ಕೇಳಿ. ಉತ್ತರ ಸಿಗುವುದು ಅಪರೂಪ. ಗ್ರಂಥಾಲಯದ ಬಾಗಿಲಲ್ಲಿ ಸಮಯ ಬರೆದ ಹಲಗೆ ಇರುತ್ತದೆ, ಮುಂದಿನ ವಾರದ ಸಂಗತಿ ಬರೆದ ಹಲಗೆ ಇರುವುದಿಲ್ಲ. ಈ ಎರಡನೆಯ ಹಲಗೆಯ ಬಗ್ಗೆ ಇವತ್ತು ಬರೆಯಬೇಕೆನಿಸಿದೆ.

ಮಾತಿಗೆ ಆಧಾರವಾಗಿ ಹಟ್ಟಿಯಂಗಡಿಯನ್ನೇ ಇಟ್ಟುಕೊಳ್ಳುತ್ತೇನೆ. ಅಲ್ಲಿನ ಗ್ರಂಥಾಲಯದ ಕುಂದುಕೊರತೆ ಎಣಿಸುವುದಕ್ಕಲ್ಲ, ವಾರಾಹಿ ದಂಡೆಯ ಆ ಊರಿನಲ್ಲಿ ಒಂದು ಗ್ರಂಥಾಲಯದ ವರ್ಷಪೂರ್ತಿ ಕೆಲಸಕ್ಕೆ ಬೇಕಾದುದೆಲ್ಲ ಇದೆ ಎಂಬ ಕಾರಣಕ್ಕೆ. ಜಟೆಯಿರುವ ಪ್ರಾಚೀನ ಶಿಲಾಮೂರ್ತಿಯ ಸಿದ್ಧಿವಿನಾಯಕನ ಗುಡಿ, ಜೈನ ಬಸದಿ, ತನ್ನದೇ ಹೆಸರಿನ ಮೇಳ, ಸುತ್ತ ಗದ್ದೆ, ತುಸು ಆಚೆ ತಲ್ಲೂರು, ಹೆಮ್ಮಾಡಿಯ ಹೆದ್ದಾರಿ. ಕರಾವಳಿಯ ಯಾವ ಊರಿಗೂ ಸ್ವಲ್ಪ ಹೆಚ್ಚುಕಡಿಮೆ ಇದೇ ಮಾತು ಹೊಂದುತ್ತದೆ.

ಸಾರ್ವಜನಿಕ ಗ್ರಂಥಾಲಯದ ಕಾನೂನು ನಮ್ಮ ಕಡೆಗೆ ಬಂದದ್ದು ಹಳೆಯ ಮೈಸೂರಿಗಿಂತ ಮೊದಲು. ಆಗ ನಮ್ಮ ಸೀಮೆ ಸೇರಿದ್ದ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಎಸ್.ಆರ್. ರಂಗನಾಥನ್ ಅವರ ಬಹುಕಾಲದ ಒತ್ತಾಯದಿಂದ ಆ ಪ್ರಾಂತ್ಯದಲ್ಲಿ 1948ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಾಯಿತು. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ, ಅದರ ಖರ್ಚಿಗೆ ಆಸ್ತಿ ತೆರಿಗೆಯ ಮೇಲೊಂದು ಕರ ಎಂಬ ವ್ಯವಸ್ಥೆ ಅದರಲ್ಲಿತ್ತು. ಮೈಸೂರು ರಾಜ್ಯ ತನ್ನ ಕಾಯ್ದೆಯನ್ನು ಮಾಡಿಕೊಂಡದ್ದು 1965ರಲ್ಲಿ, ಅದರ ಹಿಂದೆಯೂ ಆ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ ಅವರೇ ಇದ್ದರು. ಈಗಲೂ ಮನೆ ತೆರಿಗೆ ಕಟ್ಟಿದ ರಸೀದಿಯನ್ನು ಬಿಡಿಸಿ ನೋಡಿದರೆ ತೆರಿಗೆಯ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಹಟ್ಟಿಯಂಗಡಿಯಲ್ಲಿ ಮನೆಯಿರುವ ಪ್ರತಿಯೊಬ್ಬರೂ, ಪುಸ್ತಕ ಮುಟ್ಟದವರೂ, ಗ್ರಂಥಾಲಯಕ್ಕೆ ಹಣ ಕೊಟ್ಟವರೇ.

2019ರಲ್ಲಿ ರಾಜ್ಯದ ಗ್ರಾಮ ಪಂಚಾಯತ್ ಗ್ರಂಥಾಲಯಗಳು, ಐದೂವರೆ ಸಾವಿರಕ್ಕೂ ಮಿಕ್ಕಿದವು, ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, 2020ರ ನವೆಂಬರಿನಲ್ಲಿ, ಕೊರೋನದಿಂದ ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲಿ ಕುಳಿತಿದ್ದಾಗ ‘ಓದುವ ಬೆಳಕು’ ಆರಂಭವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ, ಗಟ್ಟಿಯಾಗಿ ಓದುವುದು, ಕಥೆ ಹೇಳುವುದು, ಚಿತ್ರ ಬಿಡಿಸುವುದು, ಚದುರಂಗ. ‘ಪುಸ್ತಕ ಜೋಳಿಗೆ’ ಹಿಡಿದು ಊರವರಿಂದ ಪುಸ್ತಕ ಸಂಗ್ರಹಿಸಿದರು. ಆಮೇಲೆ ಕೆಲವು ಕಡೆ ಕಂಪ್ಯೂಟರ್, ಟಿವಿ ಬಂದವು, ಬೇಸಿಗೆ ಶಿಬಿರಗಳು ನಡೆದವು, ಗ್ರಂಥಾಲಯದ ಹೆಸರೇ ‘ಅರಿವು ಕೇಂದ್ರ’ ಎಂದಾಯಿತು. ಸರ್ಕಾರದ ಕೆಲಸಗಳಲ್ಲಿ ನಾನು ಮನಸ್ಸು ತುಂಬಿ ಮೆಚ್ಚಿದ್ದು ಕೆಲವೇ, ಅವುಗಳಲ್ಲಿ ಇದೊಂದು. ಬಣ್ಣ ಹಚ್ಚಿದ ಗೋಡೆಯ ಒಳಗೆ ನೆಲದ ಮೇಲೆ ಕುಳಿತು ಪುಸ್ತಕ ಮಗುಚುವ ಮಕ್ಕಳನ್ನು ಕಂಡವರು ಅದನ್ನು ಮರೆಯಲಾರರು.

ಆದರೆ ಸುತ್ತೋಲೆಯಿಂದ ಹುಟ್ಟಿದ ಕಾರ್ಯಕ್ರಮಕ್ಕೆ ಒಂದು ಮಿತಿಯಿದೆ. ಬೀದರಿನ ಹಳ್ಳಿಗೂ ಬೈಂದೂರಿನ ಹಳ್ಳಿಗೂ ಒಂದೇ ದಿನ, ಒಂದೇ ಕಾರ್ಯಕ್ರಮ. ಅದು ಮುಗಿಯುತ್ತದೆ, ಫೋಟೊ ಮೇಲಕ್ಕೆ ಹೋಗುತ್ತದೆ, ಊರಿನ ಬದುಕಿಗೆ ಅದು ತಗಲುವುದಿಲ್ಲ. ನಮ್ಮ ಕಡೆ ಏಪ್ರಿಲ್–ಮೇ ತಿಂಗಳ ಸಂಜೆ ಹಿರಿಯರಿಗೆ ಓದುವ ಕಾರ್ಯಕ್ರಮ ಇಟ್ಟರೆ ಯಾರು ಬಂದಾರು? ಮದುವೆ, ಉಪನಯನ, ರಥೋತ್ಸವ, ರಾತ್ರಿ ಆಟ. ಅದೇ ಜನ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ನಟ್ಟಿ ಮುಗಿದ ಮೇಲೆ, ಹೊರಗೆ ಮಳೆ ಹೊಯ್ಯುವಾಗ ಮಾತಿಗೆ, ಕಥೆಗೆ, ಪದ್ಯಕ್ಕೆ ಹಸಿದಿರುತ್ತಾರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಗ್ರಂಥಾಲಯದ ಹಂಗಾಮು ಮಳೆಗಾಲವೇ. ಹಿಂದಿನವರು ಇದನ್ನು ತಿಳಿದೇ ಆಸಾಡಿ ತಿಂಗಳಲ್ಲಿ ಮನೆಗಳಲ್ಲಿ ಪುರಾಣ ಓದಿಸುತ್ತಿದ್ದರು. ಒಬ್ಬರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅಕ್ಷರ ಬಾರದವರೂ ಆ ಓದಿನಲ್ಲಿ ಪಾಲುದಾರರು. ತಾಳಮದ್ದಳೆಯ ಕೂಟಗಳಿಗೂ ಇದೇ ಕಾಲ.

ಇದನ್ನೇ ಹಿಡಿದು ಒಂದು ಕಾರ್ಯಕ್ರಮ ಹೆಣೆಯಬಹುದು. ‘ಸುಧನ್ವಾರ್ಜುನ’ ಪ್ರಸಂಗವನ್ನು ತೆಗೆದುಕೊಳ್ಳಿ. ಮೊದಲ ಶನಿವಾರ ಪ್ರಸಂಗದ ಪದ್ಯಗಳನ್ನು ಊರಿನ ಭಾಗವತರೊಬ್ಬರು ಹಾಡಲಿ. ಎರಡನೆಯ ಶನಿವಾರ ಅದಕ್ಕೆ ಮೂಲವಾದ ಜೈಮಿನಿ ಭಾರತದ ಭಾಗವನ್ನು ಗಮಕಿಯೊಬ್ಬರು ಓದಲಿ. ಮೂರನೆಯ ಶನಿವಾರ ತಾಳಮದ್ದಳೆ. ಕೇಳಿದವನಿಗೆ, ಲಕ್ಷ್ಮೀಶ ಹೇಳಿದ್ದೆಷ್ಟು, ಪ್ರಸಂಗಕರ್ತ ಕಟ್ಟಿದ್ದೆಷ್ಟು, ಅರ್ಥಧಾರಿ ತನ್ನ ಬುದ್ಧಿಯಿಂದ ಸೇರಿಸಿದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣಿಸುತ್ತದೆ. ಪ್ರಸಂಗ, ಜೈಮಿನಿ ಭಾರತ ಎರಡೂ ಪುಸ್ತಕ ಮೇಜಿನ ಮೇಲಿರಲಿ, ಅಂದೇ ಮನೆಗೆ ಒಯ್ಯಲು ಸಿಗಲಿ. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಟಣೆಗಳಿಂದ ಹಿಡಿದು ಮನೆಮನೆಗಳಲ್ಲಿ ಎಷ್ಟು ಪ್ರಸಂಗ ಪುಸ್ತಕಗಳಿವೆಯೋ! ಅಟ್ಟದಿಂದ ಅವು ಇಳಿದು ಬರಲು ಇಂಥದೊಂದು ನೆಪ ಸಾಕು.

ಕಾರ್ಯಕ್ರಮ ಮಾಡಿದರೆ ಓದು ಬೆಳೆಯುತ್ತದೆಯೇ ಎಂದು ಕೇಳುವ ಪುಸ್ತಕಪ್ರಿಯರಿದ್ದಾರೆ. ಗ್ರಂಥಾಲಯ ಮೌನದ ಜಾಗ, ಅಲ್ಲಿ ಚೆಂಡೆ ಮದ್ದಳೆ ಯಾಕೆ ಎನ್ನುತ್ತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಉತ್ತರಕ್ಕೆ ನಮ್ಮ ಜೈನ ಪರಂಪರೆಯಲ್ಲಿಯೇ ಎರಡು ಸಂಗತಿಗಳಿವೆ. ಮೂಡುಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಬೇರೆಲ್ಲೂ ಉಳಿಯದ ಆ ಗ್ರಂಥಗಳು ಇಲ್ಲಿ ಉಳಿದದ್ದು ಕರಾವಳಿಯ ದೊಡ್ಡ ಪುಣ್ಯ, ಕಾದವರಿಗೆ ಕೈಮುಗಿಯಬೇಕು. ಆದರೆ ಬಹುಕಾಲ ಅವು ದರ್ಶನಕ್ಕಾಗಿ ಇದ್ದವು. ಯಾತ್ರಿಕರು ಬಂದು ಗರಿಗಳನ್ನು ಕಂಡು ನಮಸ್ಕರಿಸಿ ಹೋಗುತ್ತಿದ್ದರು. ಪ್ರತಿ ಮಾಡುವ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೊಡಗಿತು, ಧವಲದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಇದಕ್ಕೆ ಸಾವಿರ ವರ್ಷ ಹಿಂದೆ, ಹತ್ತನೆಯ ಶತಮಾನದಲ್ಲಿ, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಕಾಯುವುದೂ ಪುಸ್ತಕ ಸೇವೆ, ಹಂಚುವುದೂ ಪುಸ್ತಕ ಸೇವೆ. ಊರಿನ ಗ್ರಂಥಾಲಯಕ್ಕೆ ಬೇಕಾದದ್ದು ಅತ್ತಿಮಬ್ಬೆಯ ದಾರಿ. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಆಶಯದ್ದು. ಪುಸ್ತಕ ತಾನಾಗಿ ಎದ್ದು ಓದುಗನನ್ನು ಹುಡುಕಲಾರದು, ಅದರ ಪರವಾಗಿ ಹುಡುಕುವ ಕೆಲಸವೇ ಕಾರ್ಯಕ್ರಮ. ಆದ್ದರಿಂದ ನಾನು ಒಪ್ಪುವ ಕಾರ್ಯಕ್ರಮಕ್ಕೆ ಒಂದೇ ಪರೀಕ್ಷೆ: ಅದು ಮುಗಿದಾಗ ಯಾವುದಾದರೂ ಪುಸ್ತಕ ಕಪಾಟಿನಿಂದ ಹೊರಟು ಯಾರದಾದರೂ ಮನೆಗೆ ಹೋಗಿರಬೇಕು. ಬರಿ ಭಾಷಣ, ಶಾಲು, ಸ್ಮರಣಿಕೆ ಆಗಿ ಮುಗಿಯುವುದಾದರೆ ಅದಕ್ಕೆ ಬೇರೆ ಸಭಾಂಗಣಗಳಿವೆ.

ಆಸಾಡಿ ಅಮಾವಾಸ್ಯೆಯಂದು ಈಚೆಗೆ ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ಹಳೆಯ ಆಟ, ತಿಂಡಿ, ಹಾಡು ಎಲ್ಲ ಇರಲಿ. ಗ್ರಂಥಾಲಯಕ್ಕೆ ಅಂದು ಬೇರೊಂದು ಕೆಲಸವಿದೆ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕಥೆಗಳನ್ನು ಊರಿನ ಹೆಂಗಸರು ತಮ್ಮದೇ ಉಚ್ಚಾರದಲ್ಲಿ ಗಟ್ಟಿಯಾಗಿ ಓದಬೇಕು. ಅಚ್ಚಿನಲ್ಲಿ ಕಂಡಾಗ ಓದುಗರು ತಡವರಿಸುವ ಆ ಮಾತು ನಮ್ಮ ಅಮ್ಮಂದಿರ ಬಾಯಲ್ಲಿ ಸಲೀಸಾಗಿ ಹರಿಯುತ್ತದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು, ತಾನಾಡುವ ಮಾತು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕಿಯ ಪುಸ್ತಕದಲ್ಲಿದೆ ಎಂದು ಕಂಡ ಗಳಿಗೆಗೆ ಬೆಲೆ ಕಟ್ಟಲಾಗದು. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನೂ ಹೀಗೆ ಕಂತುಕಂತಾಗಿ ಓದಬಹುದು. ಅದರಲ್ಲಿ ಬರುವ ಕಡಲತಡಿಯ ದುಡಿಮೆ, ಬಡತನ, ಹೋಟೆಲು ಸೇರಲು ಊರು ಬಿಟ್ಟವರ ಪಾಡು ಎಂಬತ್ತು ದಾಟಿದವರಿಗೆ ಕಂಡ ಸಂಗತಿ. ಓದುವವರು ಹುಡುಗರಾಗಲಿ, ನಡುವೆ ನಿಲ್ಲಿಸಿ ಹೇಳುವವರು ಅಜ್ಜಂದಿರಾಗಲಿ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಬಂದವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರಷ್ಟು ಓದಿನ ಬೆಲೆ ಬಲ್ಲವರು ಬೇರಾರು?

ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಸಾರಿದಾಗ ಮಕ್ಕಳು ಮನೆಯಲ್ಲಿ ಮೊಬೈಲು ಹಿಡಿದು ಕೂರುತ್ತಾರೆ. ರಜೆ ಕೊಡುವುದು ಅವರು ಹೊರಗೆ ಓಡಾಡಬಾರದೆಂದೇ, ಆ ದಿನ ಅವರನ್ನು ಗ್ರಂಥಾಲಯಕ್ಕೆ ಕರೆಯುವಂತಿಲ್ಲ. ಹಾಗಾದರೆ ಮಳೆ ಬಿಗಿಯಾಗುವ ಮೊದಲೇ ಪ್ರತಿ ಮಗುವಿನ ಚೀಲದಲ್ಲಿ ಎರಡು ಪುಸ್ತಕ ಸೇರಿರಬೇಕು. ಜೂನ್ ಮೊದಲ ವಾರದ ಹಲಗೆಯ ಮೇಲೆ ಬರೆಯಬೇಕಾದದ್ದು ಇಷ್ಟೇ: ಮಳೆ ರಜೆಯ ಪುಸ್ತಕ ಒಯ್ಯಲು ಬನ್ನಿ. ಹೆಂಗಸರ ವಿಷಯದಲ್ಲಿ ಸ್ವಸಹಾಯ ಸಂಘಗಳ ವಾರದ ಸಭೆ ದೊಡ್ಡ ಅನುಕೂಲ. ಗೇರುಬೀಜದ ಕಾರ್ಖಾನೆಯಿಂದ ಸಂಜೆ ಮನೆ ಸೇರುವವಳಿಗೆ ಗ್ರಂಥಾಲಯದ ಸಮಯ ಹೊಂದುವುದಿಲ್ಲ, ಸಂಘದ ಸಭೆ ತಪ್ಪುವುದಿಲ್ಲ. ಪುಸ್ತಕ ಅಲ್ಲಿಗೆ ಹೋಗಬೇಕು. ಪಕ್ಕದ ಕೇರಳದಲ್ಲಿ ಇದು ನಡೆದು ಬಂದ ದಾರಿ. ಪಿ.ಎನ್. ಪಣಿಕ್ಕರ್ ಅವರ ಪ್ರಯತ್ನದಿಂದ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಚಳವಳಿಯಲ್ಲಿ ಚೀಲ ಹೊತ್ತು ಮನೆಮನೆಗೆ ಪುಸ್ತಕ ಮುಟ್ಟಿಸುವ ಹೆಂಗಸರಿದ್ದಾರೆ. ಪಣಿಕ್ಕರ್ ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ನಮ್ಮ ಹಳೆಯ ಮದ್ರಾಸ್ ಪ್ರಾಂತ್ಯದಲ್ಲೇ, ಮನ್ನಾರ್ಗುಡಿಯಲ್ಲಿ, 1931ರಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿ ಸುತ್ತಿತ್ತು.

ಮಳೆ ಹಿಂದಾದ ಮೇಲೆ ನವರಾತ್ರಿ. ಈ ದಿನಗಳಲ್ಲಿ ನಮ್ಮ ಕಡೆಯಲ್ಲಿ ಹೂವಿನಕೋಲಿನ ಮಕ್ಕಳು ಭಾಗವತ, ಮದ್ದಳೆಗಾರರೊಡನೆ ಮನೆಮನೆಗೆ ಹೋಗಿ, ಚಾವಡಿಯಲ್ಲಿ ಎದುರುಬದುರು ಕುಳಿತು ಪ್ರಸಂಗದ ಮಾತಾಡುವ ಪದ್ಧತಿಯಿತ್ತು. ನಿಂತೇಹೋಯಿತು ಎನ್ನುವ ಹೊತ್ತಿಗೆ ತೆಕ್ಕಟ್ಟೆ ಕೊಮೆಯ ಯಶಸ್ವೀ ಕಲಾವೃಂದದಂಥವರು ಅದನ್ನು ಮತ್ತೆ ಎಬ್ಬಿಸಿದ್ದಾರೆ. ಆ ತಂಡದ ಜೊತೆ ಗ್ರಂಥಾಲಯದ ಒಂದು ಚೀಲವೂ ಹೋಗಲಿ ಎಂಬುದು ನನ್ನ ಆಸೆ. ಇನ್ನೊಂದು ಕೆಲಸ ಮೂಲಾ ನಕ್ಷತ್ರದ ಪುಸ್ತಕ ಪೂಜೆಗೆ ಮುನ್ನ ಆಗಬೇಕು. ನಾಲ್ಕು ತಿಂಗಳ ತೇವದಲ್ಲಿ ಪುಸ್ತಕಗಳಿಗೆ ಬೂಸು ಹಿಡಿದಿರುತ್ತದೆ, ಒರಲೆ ಕಪಾಟಿನ ಬೆನ್ನಿಗೆ ಹತ್ತಿರುತ್ತದೆ. ಒಂದು ಒಣ ದಿನ ನೋಡಿ ಎಲ್ಲ ಪುಸ್ತಕಗಳನ್ನೂ ಹೊರಗೆ ತೆಗೆದು ಜಗಲಿಯಲ್ಲಿ, ನೇರ ಬಿಸಿಲು ತಾಗದ ಕಡೆ, ಗಾಳಿಗೆ ಹರಡುವುದು. ಊರವರೆಲ್ಲ ಬಂದು ಒಣ ಬಟ್ಟೆಯಲ್ಲಿ ಒರೆಸುವುದು. ಕಪಾಟಿನಲ್ಲಿ ಬೆನ್ನು ಮಾತ್ರ ತೋರುವ ಪುಸ್ತಕ ಅಂದು ಮುಖ ತೋರುತ್ತದೆ, ಒರೆಸುವ ಕೈ ಹಾಳೆ ತಿರುವದೆ ಇರದು. ಖರ್ಚಿಲ್ಲದ, ಅತಿಥಿಗಳಿಲ್ಲದ, ನನಗೆ ಎಲ್ಲಕ್ಕಿಂತ ಪ್ರಿಯವಾದ ಕಾರ್ಯಕ್ರಮ ಇದು.

ಗದ್ದೆಯವರನ್ನು ಮರೆಯುವುದಲ್ಲ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಬಹಳ ದೂರವಿಲ್ಲ. ಎಂಒ4 ಬತ್ತದ ಬಿತ್ತನೆಗೆ ಮುನ್ನ, ಸಂಕ್ರಾಂತಿಗೆ ಮಾರಣಕಟ್ಟೆಗೆ ಹೋಗುವ ಹೆಮ್ಮಾಡಿ ಸೇವಂತಿಗೆಯ ನಾಟಿಗೆ ಮುನ್ನ ಒಬ್ಬ ವಿಜ್ಞಾನಿ ಬಂದು ಗ್ರಂಥಾಲಯದಲ್ಲಿ ಕುಳಿತರೆ ಆಯಿತು. ಊರಿನ ಚರಿತ್ರೆಗೂ ಒಂದು ಸಂಜೆ ಬೇಕು. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಗುಡಿ, ಬಸದಿಗಳನ್ನು ಅಲೆದು 1975ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥ ಇಂಗ್ಲಿಷಿನಲ್ಲಿದೆ. ಪ್ರೌಢಶಾಲೆಯ ಅಧ್ಯಾಪಕರೊಬ್ಬರು ಅದರ ಪುಟಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಮಾರನೆಯ ದಿನ ಮಕ್ಕಳನ್ನು ಬಸದಿಗೆ ಕರೆದೊಯ್ದರೆ ಆ ಕಲ್ಲುಗಳು ಅವರಿಗೆ ಪರಿಚಯವಾದಾವು.

ಇದೆಲ್ಲವನ್ನೂ ಮಾಡುವವರು ಯಾರು ಎಂದಾಗ ಬೆರಳು ಮೇಲ್ವಿಚಾರಕರ ಕಡೆ ತಿರುಗುತ್ತದೆ. ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕರು ಬಾಗಿಲು ತೆಗೆಯುವುದರಿಂದ ಕಸ ಗುಡಿಸುವವರೆಗೆ ಹೆಚ್ಚಿನ ಕಡೆ ಒಬ್ಬರೇ. ಅವರ ತಲೆಗೇ ಇದನ್ನೂ ಕಟ್ಟುವುದು ಅನ್ಯಾಯ. ಸೋಣೆ ಆರತಿಗೆ, ಶಾರದೋತ್ಸವಕ್ಕೆ, ಹರಕೆ ಆಟಕ್ಕೆ ಸಮಿತಿ ಮಾಡುವ ನಮ್ಮ ಊರುಗಳಿಗೆ ಗ್ರಂಥಾಲಯದ ಸಮಿತಿ ಮಾಡುವುದು ಕಷ್ಟವಲ್ಲ. ಕೋಟತಟ್ಟು ಗ್ರಾಮ ಪಂಚಾಯತ್ ಕಾರಂತರ ಹೆಸರಿನಲ್ಲಿ ಥೀಮ್ ಪಾರ್ಕ್ ಕಟ್ಟಿ, ವರ್ಷವರ್ಷ ಹುಟ್ಟೂರ ಪ್ರಶಸ್ತಿ ಕೊಡುತ್ತ ಬಂದಿದೆ. ಒಂದು ಪಂಚಾಯತಿಗೆ ಮನಸ್ಸಿದ್ದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. ಗ್ರಾಮಸಭೆಯಲ್ಲಿ ರಸ್ತೆ, ನೀರು, ದಾರಿದೀಪ ಕೇಳಿದ ಮೇಲೆ ಒಬ್ಬರಾದರೂ ಎದ್ದು, ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಕೇಳಬೇಕು.

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮಾಲೆ, ದೀಪ, ಪ್ರಬಂಧ ಸ್ಪರ್ಧೆ ಎಲ್ಲ ಕಡೆ ಆಗುತ್ತದೆ. ಹಟ್ಟಿಯಂಗಡಿಯಂಥ ಊರಿನಲ್ಲಿ ಆ ವಾರದ ಒಂದು ಸಂಜೆ ಎರವಲು ದಾಖಲೆಯನ್ನು ಸಾರ್ವಜನಿಕವಾಗಿ ಓದಲಿ. ಈ ವರ್ಷ ಹೆಚ್ಚು ಮನೆ ತಿರುಗಿದ ಪುಸ್ತಕ ಯಾವುದು, ಒಮ್ಮೆಯೂ ಹೊರಹೋಗದೆ ಉಳಿದವು ಯಾವುವು, ಊರಿನ ಯಾವ ಮಜಲಿನಿಂದ ಒಬ್ಬ ಸದಸ್ಯನೂ ಇಲ್ಲ. ಅದನ್ನು ಕೇಳಿಸಿಕೊಂಡವರು ಅಲ್ಲಿಯೇ ಕುಳಿತು ಮುಂದಿನ ವರ್ಷದ ಶನಿವಾರಗಳನ್ನು ಹಂಚಿಕೊಳ್ಳಲಿ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತೂ ಅದೇ, ಆಟದ ಪಟ್ಟಿಯ ಪಕ್ಕದಲ್ಲಿ ಈ ಪಟ್ಟಿಯನ್ನೂ ಅಂಟಿಸಬಹುದು.